ಕೊಡದವನ ಕಾಣಿಕೆ

ನನ್ನ ತಮ್ಮ ಮನಾಸೆಯ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಜೀವನಾಂಶದ ಕಚೇರಿಯವರು ಅದನ್ನು ಅವನ ಜಾಣತನ ಎಂದುಕೊಂಡರು. ಅಮ್ಮನ ಹತ್ತಿರ ಬೆಳೆಯುವ ಮಗಳಿಗೆ ಅವನು ತಿಂಗಳು ತಿಂಗಳು ಎಷ್ಟು ಕೊಡಬೇಕೆಂದು ಗೊತ್ತುಮಾಡುವುದು ಆ ಕಚೇರಿ.

ಸಂಬಳಕ್ಕೆ ದುಡಿಯುವವನು ಹಾಸಿಗೆ ಹಿಡಿದರೆ ಯಜಮಾನ ಒಂದು ಚೀಟಿ ಬರೆದುಕೊಡುತ್ತಾನೆ. ಇವನಿಗೆ ಹುಷಾರಿಲ್ಲ, ಸಂಬಳ ನಿಲ್ಲಿಸಿದ್ದೇನೆ, ಅಂತ. ಕಚೇರಿ ಆ ಚೀಟಿಯನ್ನು ನಂಬುತ್ತದೆ. ಮನಾಸೆ ಕಾಂಕ್ರೀಟ್ ಕೆಲಸದವನು. ಗಾಡಿ ಅವನದು, ಕರಣೆ ಅವನದು, ಸೊಂಟವೂ ಅವನದೇ. ಅವನಿಗೆ ಅವನೇ ಯಜಮಾನ. ಹಾಗಾಗಿ ಅವನ ಕಾಯಿಲೆಗೆ ಅವನೇ ಸಾಕ್ಷಿ ಹೇಳಬೇಕು. ಆ ಸಾಕ್ಷಿಯನ್ನು ನಂಬಬಾರದೆಂದು ಕಚೇರಿಯಲ್ಲಿ ಎಲ್ಲರಿಗೂ ತರಬೇತಿ ಕೊಟ್ಟಿರುತ್ತಾರೆ.

ನಾವು ವಲಸೆ ಬಂದು ನೆಲೆಸಿದ ಮೌಂಟ್ ಡ್ರೂಯಿಟ್ ಸುತ್ತಮುತ್ತ ಎಷ್ಟೋ ಮನೆಗಳ ಗ್ಯಾರೇಜಿನ ನೆಲ ಮನಾಸೆ ಹಾಕಿದ್ದು. ಬೆಳಗಿನ ಜಾವ ಎದ್ದು, ಮಂಡಿಯೂರಿ, ಹಸಿ ಕಾಂಕ್ರೀಟನ್ನು ಎಳೆದೆಳೆದು ಮಟ್ಟ ಮಾಡುತ್ತಿದ್ದ. ಸಿಮೆಂಟಿನ ಸುಣ್ಣ ಚರ್ಮ ತಿಂದು ತಿಂದು ಅವನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ಕಾಯಿಲೆ ಬೀಳುವ ಹಿಂದಿನ ವರ್ಷ ಒಂದು ಶಾಲೆಯ ಅಂಗಳದ ಕೆಲಸ ಸಿಕ್ಕಿತ್ತು. ಜೀವಮಾನದಲ್ಲಿ ಒಂದೇ ಸಲ ಕೈತುಂಬ ದುಡ್ಡು ನೋಡಿದ. ತೆರಿಗೆಯನ್ನೂ ಸರಿಯಾಗಿ ಕಟ್ಟಿದ. ಅದೇ ಅವನು ಮಾಡಿದ ತಪ್ಪು. ಕಚೇರಿಯ ಕಂಪ್ಯೂಟರಿನಲ್ಲಿ ಅವನು ಆ ವರ್ಷದಲ್ಲೇ ನಿಂತುಬಿಟ್ಟ. ಅಲ್ಲಿ ಅವನು ಇವತ್ತಿಗೂ ಗಟ್ಟಿಮುಟ್ಟಾಗಿ ಶಾಲೆಯ ಅಂಗಳಕ್ಕೆ ಕಾಂಕ್ರೀಟ್ ಸುರಿಯುತ್ತಿದ್ದಾನೆ.

ನಾನು ಮೆಲಿಯಾಮೆ, ಅವನ ದೊಡ್ಡಕ್ಕ. ವೃದ್ಧಾಶ್ರಮದಲ್ಲಿ ಕಕ್ಕಸು ತೊಳೆಯುವ ಕೆಲಸ. ಹೊರಗೆ ನನ್ನ ಬೆಲೆ ಅಷ್ಟೇ. ಆದರೆ ನಮ್ಮ ಟೊಂಗಾ ದ್ವೀಪದವರಲ್ಲಿ ತಮ್ಮನಿಗಿಂತ ಅಕ್ಕ ಮೇಲು. ಅವನ ಮಗಳು ಲೂಪೆಗೆ ಸೋದರತ್ತೆಯಾದ ನನ್ನ ಮಾತು ಅಪ್ಪನ ಮಾತಿಗಿಂತ ಹೆಚ್ಚು. ಈ ದೊಡ್ಡಸ್ತಿಕೆಗೆ ಕಟ್ಟುಪಾಡೂ ಉಂಟು. ಬೆಳೆದ ಮೇಲೆ ಅಕ್ಕತಮ್ಮ ಒಂದೇ ಕೋಣೆಯಲ್ಲಿ ಕೂತು ಟೀವಿ ನೋಡುವುದಿಲ್ಲ. ಒಬ್ಬರ ಮೈ ಇನ್ನೊಬ್ಬರು ಮುಟ್ಟುವುದಿಲ್ಲ. ಮೈಯ ವಿಷಯ ಬಾಯಿಗೆ ತರುವುದಿಲ್ಲ. ನಮ್ಮಮ್ಮ ಸಾಯುವವರೆಗೂ ನಾವು ಇದನ್ನು ಮೀರಲಿಲ್ಲ. ಕಚೇರಿಯವರು ಒಂದೇ ಫೋನಿನಲ್ಲಿ ಮೀರಿಸಿದರು.

ಫೋನಿನಲ್ಲಿ ಮನಾಸೆ ಯಾರು ಏನು ಕೇಳಿದರೂ ಹೂಂ ಅನ್ನುತ್ತಾನೆ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀನಿ ಅನ್ನುತ್ತಾನೆ. ಡಯಾಲಿಸಿಸ್ ಯಂತ್ರಕ್ಕೆ ಕೈ ಚುಚ್ಚಿಸಿಕೊಂಡು ಮಲಗಿರುವಾಗಲೂ ಚೆನ್ನಾಗಿದ್ದೀನಿ ಎಂದಿದ್ದಾನೆ. ಕಚೇರಿಯವರು ಅದನ್ನು ಹಾಗೇ ಬರೆದುಕೊಂಡಿದ್ದರು. ಅದಕ್ಕೇ ಅವನ ಪರವಾಗಿ ಮಾತನಾಡಲು ನಾನು ಹೆಸರು ಕೊಟ್ಟೆ.

ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಂದು ಯಂತ್ರ ಬೆಳಿಗ್ಗೆಯಿಂದ ಹೇಳಿತು. ಅಷ್ಟು ಮುಖ್ಯವಾದ್ದರಿಂದ ಯಾರೂ ಎತ್ತಲಿಲ್ಲ. ಕೊನೆಗೆ ಕ್ರೇಗ್ ಎಂಬಾತ ಸಿಕ್ಕಿದ. ಜೇನು ಸುರಿಯುವ ದನಿ.

"ಮೆಲಿಯಾಮೆ ಅವರೇ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ನಿಮ್ಮ ತಮ್ಮ ಈ ವರ್ಷ ಆದಾಯ ಏನೂ ಇಲ್ಲ ಅಂತ ಅಂದಾಜು ಕೊಟ್ಟಿದ್ದಾರೆ. ಸ್ವಂತ ಕಸುಬು ಮಾಡೋರು ಹೀಗೆ ಕೊಟ್ರೆ ನಾವು ಸ್ವಲ್ಪ ಕೇಳಬೇಕಾಗುತ್ತೆ."

"ಕೇಳಿ."

"ಅವರಿಗೆ ಸ್ನಾನ ಮಾಡೋಕೆ ಆಗುತ್ತಾ? ಶೌಚಕ್ಕೆ ಅವರೇ ಹೋಗ್ತಾರಾ? ಮೂತ್ರ ದಿನಕ್ಕೆ ಎಷ್ಟು ಸಲ ಆಗುತ್ತೆ?"

ಮನಾಸೆ ನನ್ನೆದುರಿಗೇ ಕೂತಿದ್ದ. ಫೋನಿನ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ಅವನು ತಲೆ ತಗ್ಗಿಸಿ ಎದ್ದು ಹೊರಗೆ ಹೋದ. ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿದ ಮೇಲೆ ಬಾಯಿ ಬಿಟ್ಟೆ.

"ಆಗೋದೇ ಇಲ್ಲ," ಅಂದೆ. "ಅದಕ್ಕೇ ಯಂತ್ರ."

"ಓ. ಹಾಗಾದ್ರೆ ಕೆಲಸದ ಮಧ್ಯೆ ಎದ್ದು ಹೋಗೋ ತೊಂದರೆ ಇಲ್ಲ ಅಂತ ಬರ್ಕೋತೀನಿ."

ಆತ ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಬರೆದುಕೊಳ್ಳುತ್ತಿದ್ದ. ವೃದ್ಧಾಶ್ರಮದಲ್ಲಿ ಯಾರ ಯಾರದೋ ಮಲಮೂತ್ರ ಬಳಿದಿದ್ದೇನೆ, ಆಗೆಲ್ಲ ಹೀಗೆ ನಾಚಿಕೆಯಾಗಿರಲಿಲ್ಲ.

ಕೊನೆಯ ಪ್ರಶ್ನೆಯನ್ನು ಮನಾಸೆಗೇ ಕೇಳಬೇಕೆಂದ. ಕರೆದೆ. ಬಂದು ಬಾಗಿಲ ಹತ್ತಿರವೇ ನಿಂತ.

"ಮನಾಸೆ ಅವರೇ, ಈ ವರ್ಷ ದೊಡ್ಡ ಖರ್ಚು ಏನಾದ್ರೂ ಮಾಡಿದ್ರಾ? ಕಾರು, ಪ್ರವಾಸ, ದಾನ ಧರ್ಮ?"

ಮನಾಸೆಯ ಬೆನ್ನು ನೆಟ್ಟಗಾಯಿತು. ಕಾಯಿಲೆ ಬಿದ್ದ ಮೇಲೆ ಅವನು ಹಾಗೆ ನಿಂತದ್ದು ಅದೇ ಮೊದಲು.

"ಮಿಸಿನಾಲೆಗೆ ಮೂರು ಸಾವಿರ ಕೊಟ್ಟೆ," ಅಂದ.

ನಾನು ಕಣ್ಣು ಮುಚ್ಚಿಕೊಂಡೆ.

ಮಿಸಿನಾಲೆ ಎಂದರೆ ನಮ್ಮ ಚರ್ಚಿನ ವರ್ಷದ ಕಾಣಿಕೆ. ಗುಟ್ಟಾಗಿ ಡಬ್ಬಿಗೆ ಹಾಕುವ ಕಾಣಿಕೆ ಅಲ್ಲ. ಒಂದೊಂದು ಮನೆಯವರೂ ಎದ್ದು, ನಮ್ಮ ಪದ್ಧತಿಯಂತೆ ಗೌರವಕ್ಕೆ ಸೊಂಟಕ್ಕೆ ಹೆಣೆದ ಚಾಪೆ ಕಟ್ಟಿಕೊಂಡು, ಮುಂದಿನ ಮೇಜಿಗೆ ಹೋಗಿ ದುಡ್ಡಿಡುತ್ತಾರೆ. ಯಾರ ಹೆಸರಿನಲ್ಲಿ ಎಂದು ಹೇಳುತ್ತಾರೆ. ಹೆಸರನ್ನೂ ಮೊತ್ತವನ್ನೂ ಚರ್ಚಿನ ಲೆಕ್ಕ ಬರೆಯುವ ಪೌಲಿಯಾಸಿ ಮಾವ ಮೈಕಿನಲ್ಲಿ ಕೂಗುತ್ತಾನೆ. ಬ್ಯಾಂಡು ಬಾರಿಸುತ್ತದೆ. ಹೆಂಗಸರು ಎದ್ದು ಕುಣಿಯುತ್ತಾರೆ. ಒಂದು ಫೋನನ್ನು ಕೋಲಿಗೆ ಸಿಕ್ಕಿಸಿ ಇದನ್ನೆಲ್ಲ ಇಡೀ ಲೋಕಕ್ಕೆ ತೋರಿಸುತ್ತಾರೆ. ಊರಿನಲ್ಲಿರುವವರು ಕೂತು ನೋಡಿ, ಯಾರು ಎಷ್ಟು ಎಂದು ಒಂದು ವಾರ ಮಾತಾಡಿಕೊಳ್ಳುತ್ತಾರೆ.

ಮನೆಯಲ್ಲಿ ಒಬ್ಬನಿಗೆ ಕಾಯಿಲೆಯಾದರೆ ಅವನ ಹೆಸರು ಬಿಡುವ ಹಾಗಿಲ್ಲ. ಇನ್ನೂ ದೊಡ್ಡ ಮೊತ್ತ ಇಡಬೇಕು. ಹಾಗಿಟ್ಟರೆ ಎಲ್ಲರ ಪ್ರಾರ್ಥನೆ ಅವನ ಕಡೆಗೆ ತಿರುಗುತ್ತದೆ. ಆ ವರ್ಷ ನಾನೂ ನನ್ನ ತಂಗಿಯರೂ ಓವರ್‌ಟೈಮ್ ಮಾಡಿದೆವು. ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತು. ಆ ದುಡ್ಡು ಕೂಡಿಸಿ ಮನಾಸೆಯ ಹೆಸರಿನಲ್ಲಿ ಇಟ್ಟೆವು. ಮನಾಸೆಯ ಜೇಬಿನಲ್ಲಿ ಆವತ್ತು ಬಸ್ಸಿಗೂ ಕಾಸಿರಲಿಲ್ಲ. ಆದರೆ ಅವನ ಹೆಸರಿನಲ್ಲಿ ಇಟ್ಟದ್ದು ಅವನು ಕೊಟ್ಟದ್ದೇ. ಕೊಟ್ಟಿಲ್ಲ ಎಂದರೆ ಅಕ್ಕಂದಿರ ಬೆವರಿಗೆ ಅವಮಾನ. ಅವನು ಸುಳ್ಳು ಹೇಳಲಿಲ್ಲ. ನಮ್ಮವರಲ್ಲಿ ಯಾರೇ ಆಗಿದ್ದರೂ ಅದನ್ನೇ ಹೇಳುತ್ತಿದ್ದರು.

ನಾನು ಫೋನಿನಲ್ಲಿ ವಿವರಿಸಲು ಹೋದೆ.

"ಕ್ರೇಗ್, ಅದು ನಾವು ಇಟ್ಟಿದ್ದು. ಅವನ ಹೆಸರು ಅಷ್ಟೇ. ಸತ್ತುಹೋಗಿರೋ ನಮ್ಮಜ್ಜಿ ಹೆಸರಲ್ಲೂ ಪ್ರತಿ ವರ್ಷ ಇಡ್ತೀವಿ."

"ಅಜ್ಜಿಯವರ ತೆರಿಗೆ ಸಂಖ್ಯೆ ಇದೆಯಾ?" ಎಂದು ಕೇಳಿದ.

ಉತ್ತರ ಕಾಗದದಲ್ಲಿ ಬಂತು. ಕಾಗದ ಬಹಳ ಸಭ್ಯವಾಗಿತ್ತು. ಮನಾಸೆಯ ಖರ್ಚಿಗೂ ಅವನು ಹೇಳುವ ಆದಾಯಕ್ಕೂ ತಾಳೆಯಾಗುವುದಿಲ್ಲವಂತೆ. ಇಷ್ಟು ದಾನ ಮಾಡುವವನಿಗೆ ಎಲ್ಲಿಂದಲೋ ದುಡ್ಡು ಬರುತ್ತಿರಬೇಕಂತೆ. ಮಗುವಿಗಿಂತ ಚರ್ಚನ್ನು ಮುಂದೆ ಇಟ್ಟಿದ್ದಾನಂತೆ. ಅವನಿಗೆ ದುಡಿಯುವ ಶಕ್ತಿ ಇದೆ, ಮನಸ್ಸಿಲ್ಲ ಎಂದು ತೀರ್ಮಾನಿಸಲಾಗಿದೆಯಂತೆ. ಆದ್ದರಿಂದ ಶಾಲೆಯ ಅಂಗಳದ ವರ್ಷದ ಲೆಕ್ಕದಲ್ಲೇ ತಿಂಗಳು ತಿಂಗಳು ಕಟ್ಟತಕ್ಕದ್ದು. ಕಟ್ಟದಿದ್ದರೆ ದಂಡ. ಕೆಳಗೆ, ನಿಮ್ಮ ಮನಸ್ಸಿಗೆ ಬೇಸರವಾಗಿದ್ದರೆ ಕರೆ ಮಾಡಿ ಎಂದು ಒಂದು ನಂಬರೂ ಇತ್ತು.

ಆಕ್ಷೇಪಣೆ ಬರೆದು ಹಾಕಿದೆವು. ನಿಮ್ಮ ಆಕ್ಷೇಪಣೆ ಸಾಲಿನಲ್ಲಿದೆ ಎಂದರು. ಸಾಲು ಎಲ್ಲಿದೆ ಎಂದು ಹೇಳಲಿಲ್ಲ.

ಇಷ್ಟಾದರೂ ಆ ದುಡ್ಡು ಲೂಪೆಯ ಅಮ್ಮನ ಕೈಗಾದರೂ ಹೋಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಲೂಪೆಯ ಅಮ್ಮ ಡೀಆನ್ ನಮ್ಮವಳಲ್ಲ, ಬಿಳಿಯಳು, ಶಾಲೆಯ ಕ್ಯಾಂಟೀನಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವವಳು. ಮನಾಸೆಯನ್ನು ಬಿಟ್ಟು ಐದಾರು ವರ್ಷವಾಯಿತು. ಒಂದು ಭಾನುವಾರ ಮಗಳನ್ನು ಬಿಡಲು ಬಂದವಳು ನನ್ನ ಗೇಟಿನ ಹತ್ತಿರ ಕಾರು ನಿಲ್ಲಿಸಿ ಸಿಗರೇಟು ಹಚ್ಚಿದಳು.

"ನೋಡು ಮೆಲಿಯಾಮೆ, ಇವರ ಆಟ ಕೇಳು. ಅವನು ಕೊಡಬೇಕಾದ ದುಡ್ಡು ನಂಗೆ ಬಂದಿದೆ ಅಂತ ಲೆಕ್ಕ ಹಾಕಿ ಸರ್ಕಾರದಿಂದ ನಂಗೆ ಬರ್ತಿದ್ದ ಮಕ್ಕಳ ಭತ್ಯೆ ಕಡಿಮೆ ಮಾಡಿದ್ದಾರೆ."

"ಬಂದಿಲ್ಲ ಅಂತ ಹೇಳ್ಬೇಕಿತ್ತು."

"ಹೇಳ್ದೆ. ಹಾಗಾದ್ರೆ ವಸೂಲಿ ಜೋರು ಮಾಡ್ತೀವಿ ಅಂದ್ರು. ಬ್ಯಾಡ್ರಪ್ಪಾ, ಅವನಿಗೆ ಹುಷಾರಿಲ್ಲ, ವಾಸಿಯಾಗ್ಲಿ ಅಂದೆ. ಅವನ ಮೇಲೆ ಕ್ಲೇಮು ಬಿಟ್ರೆ ನಿಮ್ಮ ಭತ್ಯೆನೂ ಬಿಡಬೇಕಾಗುತ್ತೆ ಅಂದ್ರು."

"ಅಂದ್ರೆ?"

"ಅಂದ್ರೆ ನಾನು ಸುಮ್ನಿದ್ರೂ ತಪ್ಪು, ಮಾತಾಡಿದ್ರೂ ತಪ್ಪು. ಅವನನ್ನ ಬಿಟ್ಟೋಳು ನಾನು. ಅವನನ್ನ ಬೈಯೋ ಹಕ್ಕು ನಂದು. ಇವರ್ಯಾರು ಮಧ್ಯದಲ್ಲಿ?"

ನಗು ಬಂತು ನನಗೆ, ಸಿಟ್ಟೂ ಬಂತು. ಎಲ್ಲೂ ಇಲ್ಲದ ದುಡ್ಡು ಕೈಯಲ್ಲಿ ಕಾಸಿಲ್ಲದವನ ಹತ್ತಿರದಿಂದ ಹೊರಟು ಏನೂ ಸಿಗದವಳ ಮನೆಗೆ ತಲುಪಿ, ಅಲ್ಲಿದ್ದ ನಿಜವಾದ ದುಡ್ಡನ್ನು ಎತ್ತಿಕೊಂಡು ಸರ್ಕಾರಕ್ಕೆ ವಾಪಸು ಹೋಗುತ್ತಿತ್ತು. ಇದಕ್ಕೆ ಮಗುವಿನ ಹಿತ ಎಂದು ಹೆಸರು. ಮಗು ಹರಿದ ಬೂಟಿನಲ್ಲಿ ಗೇಟು ಹತ್ತಿ ಕೂತಿತ್ತು.

ಈ ಮಾತು ಮನಾಸೆಯ ಕಿವಿಗೆ ಬಿತ್ತು. ತನ್ನಿಂದ ಮಗಳ ಊಟಕ್ಕೆ ಕಲ್ಲು ಬಿತ್ತು ಎಂದುಕೊಂಡ. ಯಾರಿಗೂ ಹೇಳದೆ ಒಂದು ಕೆಲಸ ಒಪ್ಪಿಕೊಂಡ. ವಾರೆನ್ ಎಂಬಾತನ ಗ್ಯಾರೇಜಿನ ನೆಲ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಒಂದು ಕೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಹೊಲಿದಿರುತ್ತಾರೆ. ಸೂಜಿ ಹಾಕುವುದು ಅಲ್ಲೇ. ಚರ್ಮದ ಕೆಳಗೆ ರಕ್ತ ಗುಯ್ಯೆನ್ನುತ್ತ ಹರಿಯುತ್ತದೆ. ಆ ಕೈಯಲ್ಲಿ ಭಾರ ಎತ್ತಬಾರದು, ಆ ಕೈಗೆ ಪೆಟ್ಟು ಬೀಳಬಾರದು. ಆ ಕೈ ಹೋದರೆ ಯಂತ್ರಕ್ಕೆ ದಾರಿ ಹೋಯಿತು, ಯಂತ್ರಕ್ಕೆ ದಾರಿ ಹೋದರೆ ಮನುಷ್ಯ ಹೋದ. ಇದನ್ನು ಡಾಕ್ಟರು ಹೇಳಿದ್ದರು. ಕಚೇರಿಗೂ ಬರೆದಿದ್ದರು. ಕಚೇರಿಯವರು ಇನ್ನೊಂದು ಕೈ ಇದೆಯಲ್ಲ ಎಂದು ಕೇಳಿದ್ದರು.

ಗಾಡಿ ಮನೆ ಮುಂದೆ ಇಲ್ಲದ್ದು ನೋಡಿ ನನಗೆ ಅನುಮಾನ ಬಂತು. ಹುಡುಕಿಕೊಂಡು ಹೋದೆ. ಕಾಂಕ್ರೀಟಿನ ಲಾರಿ ಆಗಲೇ ಸುರಿದು ಹೊರಟುಹೋಗಿತ್ತು. ಮನಾಸೆ ಮಂಡಿಯೂರಿ ಮಟ್ಟಗೋಲು ಎಳೆಯುತ್ತಿದ್ದ, ಎರಡೂ ಕೈಯಲ್ಲಿ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಒಡೆದಿತ್ತು. ನೀರು ಹೆಚ್ಚು ಕುಡಿಯುವ ಹಾಗೂ ಇಲ್ಲ ಅವನು.

"ಎದ್ದು ಬಾ ಆಚೆ," ಅಂದೆ.

"ಸುರಿದಾಗಿದೆ ಅಕ್ಕ. ಈಗ ಬಿಟ್ರೆ ಕಲ್ಲಾಗುತ್ತೆ."

"ಆಗ್ಲಿ. ನೀನು ಎದ್ದು ಬಾ."

"ಒಂದೇ ಮೂಲೆ ಉಳಿದಿರೋದು."

ಆ ಮೂಲೆಗೆ ಕೈ ಚಾಚಿದ. ಕೋಲು ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಿತು. ಜಗ್ಗಿದ. ಹಿಂದಿನ ದಿನ ಸೂಜಿ ಹಾಕಿದ್ದ ಜಾಗ ಒಡೆಯಿತು. ರಕ್ತ ಪಿಚಕಾರಿಯಂತೆ ಹಾರಿತು. ಅವನು ಪಕ್ಕಕ್ಕೆ ಮಗುಚಿ ಹಸಿ ಕಾಂಕ್ರೀಟಿನಲ್ಲೇ ಬಿದ್ದ.

ನಾನು ಬೂಟುಗಾಲಿನಲ್ಲೇ ಇಳಿದೆ. ಅವನ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಅವನು ಹುಡುಗನಾಗಿದ್ದಾಗ ಹಿಡಿದ ಕೈ ಅದು, ಆಮೇಲೆ ಮುಟ್ಟಿರಲಿಲ್ಲ. ಅವನು ನಾಚಿಕೆಯಿಂದ ಮುಖ ಆಚೆ ತಿರುಗಿಸಿದ. ರಕ್ತ ಸೋರುತ್ತಿದ್ದರೂ ಅಕ್ಕ ಮೈ ಮುಟ್ಟಿದಳಲ್ಲ ಎಂಬ ನಾಚಿಕೆ. ನನ್ನ ಬೆರಳಿನ ಸಂದಿಯಲ್ಲಿ ಬಿಸಿಬಿಸಿಯಾಗಿ ಬರುತ್ತಲೇ ಇತ್ತು. ನನಗೆ ಭಯವಾಯಿತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು.

"ಅಕ್ಕ, ಕರಣೆ ಕೊಡು," ಅಂದ. "ಇನ್ನೂ ಹಸಿ ಇದೆ. ಗುರುತು ಸರಿ ಮಾಡ್ಬಿಡ್ತೀನಿ."

"ಸುಮ್ಮನೆ ಬಿದ್ದಿರು," ಅಂದೆ.

ಆಂಬುಲೆನ್ಸಿಗೆ ಫೋನು ಮಾಡಿದವನು ವಾರೆನ್. ಅದಕ್ಕೆ ನಾನು ಅವನಿಗೆ ಋಣಿ. ಮಾರನೆಯ ದಿನ ನೆಲದ ಫೋಟೊ ತೆಗೆದು ಕಳಿಸಿದವನೂ ಅವನೇ. ನೆಲದಲ್ಲಿ ಒಂದು ಭುಜ, ಒಂದು ಪಕ್ಕೆ, ಒಂದು ಅಂಗೈ, ಪಕ್ಕದಲ್ಲಿ ನನ್ನ ಎರಡು ಬೂಟು ಅಚ್ಚೊತ್ತಿ ಗಟ್ಟಿಯಾಗಿದ್ದವು. ನೆಲ ಕೆಟ್ಟಿದೆ, ಒಂದು ಕಾಸೂ ಕೊಡುವುದಿಲ್ಲ ಎಂದು ಬರೆದಿದ್ದ.

ಮನಾಸೆ ಉಳಿದ. ಆ ಕೈಯ ದಾರಿ ಮುಚ್ಚಿಹೋಯಿತು, ಕೈಯ ಶಕ್ತಿಯೂ ಹೋಯಿತು. ಕತ್ತಿನ ಬುಡದಲ್ಲಿ ಒಂದು ಕೊಳವೆ ಸಿಕ್ಕಿಸಿದರು. ಇನ್ನೊಂದು ಕೈಯಲ್ಲಿ ಹೊಸದಾಗಿ ಹೊಲಿದರು. ಅದು ಮಾಗುವವರೆಗೆ ಹುಷಾರು, ಇದೂ ಹೋದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ನಾನು ಆಸ್ಪತ್ರೆಯ ಚೀಟಿ, ನೆಲದ ಫೋಟೊ, ವಾರೆನ್ ದುಡ್ಡು ಕೊಡದೆ ಹಿಂದಿರುಗಿಸಿದ ಬಿಲ್ಲು, ಮೂರನ್ನೂ ಕಚೇರಿಗೆ ಕಳಿಸಿದೆ. ಮೂರರಲ್ಲಿ ಅವರು ಓದಿದ್ದು ಬಿಲ್ಲನ್ನು. ಕ್ರೇಗ್ ಫೋನು ಮಾಡಿದ.

"ಮೆಲಿಯಾಮೆ ಅವರೇ, ಮನಾಸೆ ಅವರು ಕೆಲಸಕ್ಕೆ ಮರಳಿದ್ದಾರೆ ಅಂತ ಕಾಣುತ್ತೆ. ಸಂತೋಷದ ವಿಷಯ."

ನನ್ನ ಬಾಯಲ್ಲಿ ಬಂದ ಮಾತನ್ನು ಇಲ್ಲಿ ಬರೆಯಲಾರೆ. ನಾನು ಚರ್ಚಿಗೆ ಹೋಗುವವಳು.

"ಕ್ರೇಗ್, ಫೋಟೊ ನೋಡಿದ್ರಾ?"

"ನೋಡ್ದೆ. ಕೆಲಸದ ಗುಣಮಟ್ಟ ನಮ್ಮ ವ್ಯಾಪ್ತಿಗೆ ಬರಲ್ಲ."

"ಮತ್ತೆ ಅವನು ಸತ್ರೆ ನಿಮ್ಮ ವ್ಯಾಪ್ತಿಗೆ ಬರುತ್ತಾ?"

"ಅದಕ್ಕೆ ಬೇರೆ ವಿಭಾಗ ಇದೆ." ಆಮೇಲೆ ದನಿ ತಗ್ಗಿಸಿದ. ಅವನಲ್ಲೂ ಎಲ್ಲೋ ಒಬ್ಬ ಮನುಷ್ಯ ಇದ್ದಿರಬೇಕು. "ನೋಡಿ, ಎಲ್ಲಾ ನಿಂತಿರೋದು ಆ ಮೂರು ಸಾವಿರದ ಮೇಲೆ. ಅದು ಅವರು ಕೊಟ್ಟಿದ್ದಲ್ಲ ಅಂತ ಚರ್ಚಿನವರು ಬರೆದುಕೊಡ್ಲಿ. ಆಗ ಅವರ ಅಂದಾಜನ್ನ ಒಪ್ಕೋಬಹುದು."

ಪೌಲಿಯಾಸಿ ಮಾವನ ಮನೆಗೆ ಹೋದೆ. ಅವನು ಕೆಸುವಿನ ಎಲೆಗೆ ಮಾಂಸ ಇಟ್ಟು, ತೆಂಗಿನ ಹಾಲು ಹಾಕಿ ಸುತ್ತುತ್ತಿದ್ದ. ಕೇಳಿದ ಮೇಲೆ ಕೈ ನಿಲ್ಲಿಸಿದ.

"ಮೇಜಿನ ಮೇಲೆ ಅವನ ಹೆಸರು ಹೇಳಿ ಇಟ್ಟೋಳು ನೀನು. ನಾನು ಮೈಕಲ್ಲಿ ಕೂಗ್ದೆ. ದೇವರು ಕೇಳಿಸ್ಕೊಂಡ. ಈಗ ಕೊಟ್ಟಿಲ್ಲ ಅಂತ ಹ್ಯಾಗೆ ಬರೀಲಿ?"

"ಮಾವ, ಅವನ ಜೀವದ ವಿಷಯ."

"ಅವನನ್ನೇ ಕೇಳು. ಅವನು ಬರೀರಿ ಅಂದ್ರೆ ಬರೀತೀನಿ."

ಕೇಳಿದೆ. ಮನಾಸೆ ಕತ್ತಿನ ಕೊಳವೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ ಕೂತಿದ್ದ.

"ಬೇಡ ಅಕ್ಕ," ಅಂದ. "ಗಾಡಿ ಮಾರ್ತೀನಿ. ಈ ಕೈ ಮಾಗಿದ ಮೇಲೆ ಸಣ್ಣಪುಟ್ಟ ಕೆಲಸ ಮಾಡ್ತೀನಿ. ನೀವೆಲ್ಲ ಬೆನ್ನು ಮುರ್ಕೊಂಡು ಇಟ್ಟಿದ್ದನ್ನ ಇಲ್ಲ ಅನ್ನಕ್ಕೆ ನನ್ನ ಬಾಯಿ ಬರಲ್ಲ. ಕೆಲಸ ಹೋಯ್ತು, ಮೈ ಹೋಯ್ತು. ಹೆಸರೊಂದು ಇದೆ."

ಸಣ್ಣಪುಟ್ಟ ಕೆಲಸ ಎಂದರೆ ಏನೆಂದು ನನಗೆ ಗೊತ್ತಿತ್ತು. ವಾರೆನ್‌ನ ಗ್ಯಾರೇಜಿನಲ್ಲಿ ಅದರ ಅಚ್ಚು ಇತ್ತು. ಆ ಹೊತ್ತು ನನಗೆ ಕಚೇರಿಯ ಮೇಲೆ ಬಂದಷ್ಟೇ ಸಿಟ್ಟು ತಮ್ಮನ ಮೇಲೂ ಬಂತು, ಚರ್ಚಿನ ಮೇಲೂ ಬಂತು, ನನ್ನ ಮೇಲೂ ಬಂತು. ಆದರೆ ಅವನು ಹೇಳಿದ್ದು ತಪ್ಪಲ್ಲ. ಲೂಟಿಯಾದ ಮನೆಯಲ್ಲಿ ಉಳಿದ ಒಂದು ಪಾತ್ರೆಯನ್ನೂ ಬಡವರೇ ತಂದು ಒಪ್ಪಿಸಬೇಕು ಎಂದು ಕೇಳುವವರ ಎದುರು ಅವನು ಒಪ್ಪಿಸುವುದಿಲ್ಲ ಎಂದಿದ್ದ.

ಮುಂದಿನ ಮಿಸಿನಾಲೆ ಬಂತು. ಹಿಂದಿನ ದಿನ ಅವನ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದೆ.

"ಈ ಸಲ ನಮ್ಮ ಮನೆಯಿಂದ ನಿನ್ನ ಹೆಸರು ಬರಲ್ಲ."

ಅವನು ತಲೆ ಎತ್ತಿದ, ಮತ್ತೆ ತಗ್ಗಿಸಿದ.

"ನೀನು ಹೇಳಿದ ಹಾಗೆ ಅಕ್ಕ."

ಯಾಕೆ ಎಂದು ಕೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಚರ್ಚಿನಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಹೆಂಗಸರೆಲ್ಲ ಬಿಳಿ ಬಟ್ಟೆ. ಕೋಲಿಗೆ ಸಿಕ್ಕಿಸಿದ ಫೋನು ಮೇಜಿನ ಎದುರಿಗೇ ನಿಂತಿತ್ತು. ಮನಾಸೆ ಕೊನೆಯ ಬೆಂಚಿನಲ್ಲಿ, ಕೊಳವೆ ಕಾಣದ ಹಾಗೆ ಕಾಲರು ಎತ್ತಿಕೊಂಡು ಕೂತಿದ್ದ. ಲೂಪೆಯನ್ನು ಕರೆದುಕೊಂಡು ಡೀಆನ್ ಕೂಡ ಬಂದಿದ್ದಳು. ನಮ್ಮ ಮನೆಯ ಸರದಿ ಬಂದಾಗ ನಾನೂ ತಂಗಿಯರೂ ಚಾಪೆ ಬಿಗಿದುಕೊಂಡು ಎದ್ದೆವು. ಲಕೋಟೆ ಇಟ್ಟು ಹೆಸರು ಹೇಳಿದೆ.

ಪೌಲಿಯಾಸಿ ಮಾವ ಮೈಕನ್ನು ಅಂಗೈಯಿಂದ ಮುಚ್ಚಿದ. "ಯಾರೇ ಅದು? ನಮ್ಮವನಾ?"

"ನಮ್ಮ ಮನೆ ಲೆಕ್ಕಪತ್ರ ಎಲ್ಲ ನೋಡೋನು ಅವನೇ ಮಾವ. ನಮ್ಮವನೇ."

"ಏನಾಗಿದೆ ಅವನಿಗೆ?"

"ಕಣ್ಣು ಕಾಣಲ್ಲ, ಕಿವಿ ಕೇಳಲ್ಲ. ಎಲ್ಲರೂ ಸೇರಿ ಪ್ರಾರ್ಥನೆ ಮಾಡಬೇಕು."

ಮಾವ ನನ್ನ ಮುಖವನ್ನೇ ನೋಡಿದ. ಅವನ ಮೀಸೆ ಒಂದು ಸಲ ಅಲುಗಿತು. ಮೈಕು ಎತ್ತಿಕೊಂಡು ಇಡೀ ಲೋಕಕ್ಕೆ ಕೇಳುವ ಹಾಗೆ ಕೂಗಿದ.

"ಜೀವನಾಂಶದ ಕಚೇರಿಯ ಕ್ರೇಗ್. ಮೂರು ಸಾವಿರ ಡಾಲರ್."

ಮೊದಲು ಮುಂದಿನ ಸಾಲಿನ ಮುದುಕಿಯೊಬ್ಬಳಿಗೆ ಅರ್ಥವಾಯಿತು. ಅವಳು ಬಾಯಿಗೆ ಕೈ ಒತ್ತಿ ನಕ್ಕಳು, ಎದ್ದು ಕುಣಿಯತೊಡಗಿದಳು. ಅವಳ ಹಿಂದೆ ಇನ್ನೂ ನಾಲ್ವರು ಎದ್ದರು. ಯಾರದೇ ಹೆಸರಾಗಲಿ, ಕರೆದ ಮೇಲೆ ಕುಣಿಯಲೇಬೇಕು. ಕ್ರೇಗ್‌ನ ಹೆಸರಿಗೆ ಬ್ಯಾಂಡಿನವರು ಇನ್ನೊಂದು ಸುತ್ತು ಹೆಚ್ಚಿಗೆ ಬಾರಿಸಿದರು.

ಮನಾಸೆಯ ಹೆಸರು ಬರಲಿಲ್ಲ. ನಾನು ಕೊನೆಯ ಬೆಂಚಿನ ಕಡೆ ನೋಡಲಿಲ್ಲ. ನೋಡಿದ್ದರೆ ಧೈರ್ಯ ಉಳಿಯುತ್ತಿರಲಿಲ್ಲ.

ಎಲ್ಲ ಮನೆಗಳೂ ಮುಗಿದವು. ಮಾವ ಮೈಕು ಇಡಬೇಕು ಎನ್ನುವಾಗ ಲೂಪೆ ಎದ್ದು ಮೇಜಿನ ಹತ್ತಿರ ಹೋದಳು. ನಾನು ಹೇಳಿಕೊಟ್ಟದ್ದಲ್ಲ. ಅವಳಮ್ಮನೂ ಹೇಳಿರಲಿಲ್ಲ. ಮುಷ್ಟಿ ಬಿಚ್ಚಿ ಏನೋ ಇಟ್ಟಳು.

"ಯಾರ ಹೆಸರು ಪುಟ್ಟಿ?"

"ಮನಾಸೆ," ಅಂದಳು. "ನಮ್ಮಪ್ಪ."

ಮಾವ ಮೇಜು ನೋಡಿದ. ಫೋನು ನೋಡಿದ. ನನ್ನನ್ನು ನೋಡಿದ. ಮೈಕು ಕೆಳಗಿಟ್ಟ. ಆಮೇಲೆ ತನ್ನ ಕಪ್ಪು ಕೋಟನ್ನು ನಿಧಾನವಾಗಿ ಬಿಚ್ಚಿ, ಗೂಟಕ್ಕೆ ನೇತು ಹಾಕುವ ಹಾಗೆ ಆ ಫೋನಿನ ಮೇಲೆ ಹಾಕಿದ. ಬ್ಯಾಂಡಿನವರಿಗೆ ಜೋರಾಗಿ ಎಂದು ಕೈ ಮಾಡಿದ. ಆ ಗದ್ದಲದಲ್ಲಿ, ಮೈಕಿಲ್ಲದೆ, ಗಂಟಲು ಹರಿಯುವ ಹಾಗೆ ನನ್ನ ತಮ್ಮನ ಹೆಸರು ಕೂಗಿದ. ಮೊತ್ತವನ್ನೂ ಕೂಗಿದ. ಅದು ಎಷ್ಟೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಹೆಸರು ಬಂದವನು ಏಳಬೇಕು. ಮನಾಸೆ ಎದ್ದ. ಒಂದು ಕೈ ಸತ್ತಿತ್ತು, ಇನ್ನೊಂದು ಮಾಗಿರಲಿಲ್ಲ, ಎರಡನ್ನೂ ಎತ್ತಲಾರದೆ ಬರೀ ಭುಜ ಕುಣಿಸಿದ. ಡೀಆನ್ ಮುಖ ಒರೆಸಿಕೊಂಡಳು. ನಾನು ಅತ್ತೆ, ಸುಮ್ಮನೆ ಅಳಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ.

ಸೋಮವಾರ ಕಚೇರಿಗೆ ಫೋನು ಹಚ್ಚಿದೆ. ಮೊದಲೇ ವಿಡಿಯೋ ಕಳಿಸಿದ್ದೆ. ಆವತ್ತು ಕ್ರೇಗ್ ಬಹಳ ಬೇಗ ಸಿಕ್ಕಿದ.

"ಈ ಕರೆ ರೆಕಾರ್ಡ್ ಆಗ್ತಿದೆ ಅಲ್ವಾ?" ಎಂದು ಕೇಳಿದೆ.

"ಆಗ್ತಿದೆ. ಮೆಲಿಯಾಮೆ ಅವರೇ, ಏನಿದು?" ಜೇನು ಒಣಗಿಹೋಗಿತ್ತು.

"ನೀವು ನಮ್ಮ ಚರ್ಚಿಗೆ ಮೂರು ಸಾವಿರ ಕೊಟ್ಟಿದ್ದೀರಿ. ಬಹಳ ಸಂತೋಷ. ಊರಿಂದೆಲ್ಲ ಫೋನ್ ಬರ್ತಿದೆ, ಯಾರು ಈ ದೊಡ್ಡ ಮನುಷ್ಯ ಅಂತ."

"ನಾನು ಕೊಟ್ಟಿಲ್ಲ. ನಾವು ಗ್ರಾಹಕರಿಗೆ ಸಂಬಂಧಪಟ್ಟವರಿಗೆ ದುಡ್ಡು ಕೊಡೋ ಹಾಗೇ ಇಲ್ಲ. ನನ್ನ ಕೆಲಸ ಹೋಗುತ್ತೆ."

"ಹೆಸರು ಕೂಗಿದಾರಲ್ಲ."

"ಕೂಗಿದ್ರೆ? ಯಾರೋ ನನ್ನ ಹೆ​ಸರಲ್ಲಿ ದುಡ್ಡಿಟ್ರೆ ನಾನು ಕೊಟ್ಟ ಹಾಗೆ ಆಗಲ್ಲ. ಅದು ಇಟ್ಟೋರ ದುಡ್ಡು. ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ ಇದು."

"ನಿಮ್ಮ ಸಂಬಳಕ್ಕೆ ಇದು ತಾಳೆಯಾಗಲ್ಲ ಕ್ರೇಗ್. ಎಲ್ಲಿಂದಲೋ ನಿಮಗೆ ದುಡ್ಡು ಬರ್ತಿರಬೇಕು."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ನೀವು ಈಗ ಹೇಳಿದ್ದನ್ನ ನನ್ನ ತಮ್ಮನ ಫೈಲಿಗೆ ಹಾಕಿ," ಅಂದೆ. "ಅದೇ ಮಾತು, ಹಾಗೇ."

ಕೀಲಿಗಳನ್ನು ಒತ್ತುವ ಸದ್ದು ಬಂತು. ಆತ ಮೊದಲ ಸಲ ನಾನು ಹೇಳಿದ ಹಾಗೇ ಬರೆದುಕೊಂಡ. ಮನಾಸೆಯ ಅಂದಾಜನ್ನು ಒಪ್ಪಿಕೊಳ್ಳುವುದಾಗಿ, ಕಾಯಿಲೆ ಬಿದ್ದ ದಿನದಿಂದ ಲೆಕ್ಕ ಬದಲಿಸುವುದಾಗಿ, ಬಾಕಿಯನ್ನೂ ದಂಡವನ್ನೂ ತೆಗೆಯುವುದಾಗಿ ಓದಿ ಹೇಳಿದ. ಡೀಆನ್‌ಳ ಭತ್ಯೆಯೂ ಸರಿಯಾಗುತ್ತದಂತೆ. ವ್ಯವಸ್ಥೆಯಲ್ಲಿ ಆದ ಅನಾನುಕೂಲಕ್ಕೆ ವಿಷಾದವಂತೆ. ಒಂದು ಕೈ ಅನಾನುಕೂಲದ ಲೆಕ್ಕಕ್ಕೆ ಹೋಯಿತು.

"ಇನ್ನೊಂದು ಪ್ರಶ್ನೆ," ಅಂದ. "ಆ ವಿಡಿಯೋ ಕೊನೇಲಿ ಇದ್ದಕ್ಕಿದ್ದ ಹಾಗೆ ಕಪ್ಪಾಗುತ್ತೆ. ಬ್ಯಾಂಡಿನ ಸದ್ದು ಬಿಟ್ರೆ ಏನೂ ಇಲ್ಲ. ಅಲ್ಲಿ ಏನು ನಡೀತು?"

"ಹೇಳಲ್ಲ."

"ದಾಖಲೆಗೆ ಬೇಕಾಗುತ್ತೆ, ಮೆಲಿಯಾಮೆ ಅವರೇ."

"ಬೇಕಾಗಬಹುದು. ಹೇಳಲ್ಲ."

ಅವರು ಕೇಳಿದ್ದಕ್ಕೆಲ್ಲ ಒಂದು ವರ್ಷ ಉತ್ತರ ಕೊಟ್ಟಿದ್ದೆ. ತಮ್ಮನ ಮೂತ್ರದ ಲೆಕ್ಕವನ್ನೂ ಕೊಟ್ಟಿದ್ದೆ. ಇದೊಂದನ್ನು ಕೊಡಲಿಲ್ಲ. ಆವತ್ತು ಫೋನನ್ನು ಮೊದಲು ಇಟ್ಟವಳು ನಾನು.